ಮಾನಿಟರಿನ ಮೇಲೊಂದು ಕೆಂಪು ಬೊಟ್ಟು

ಟೈಪಿಂಗ್ ಕಲಿಸುವವರಿಗೆ ಕಾಲೇಜಿನಲ್ಲಿ ಅಂಥ ಮರ್ಯಾದೆ ಏನೂ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಬೈಯಬಾರದು. ಇತಿಹಾಸದವರಿಗೆ, ಅರ್ಥಶಾಸ್ತ್ರದವರಿಗೆ ಸ್ಟಾಫ್ ರೂಮಿನ ಕಿಟಕಿ ಪಕ್ಕದ ಕುರ್ಚಿ. ನಮಗೆ ಮೆಟ್ಟಿಲ ಕೆಳಗಿನ ಕೋಣೆ. ಯಾರಿಗಾದರೂ ತುರ್ತಾಗಿ ರಜೆ ಅರ್ಜಿಯೋ ಮಗಳ ಬಯೋಡೇಟಾವೋ ಬೇಕಾದಾಗ ಮಾತ್ರ, "ಮೇಡಂ, ಊಟ ಆಯ್ತಾ?" ಎಂದು ಬಾಗಿಲಲ್ಲಿ ಒಂದು ನಗುಮುಖ ಕಾಣಿಸುತ್ತದೆ.

ಕುಶಾಲನಗರದ ಕಡೆಯ ಒಂದು ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಟೈಪಿಂಗನ್ನೂ, ಕಚೇರಿಯ ಪತ್ರಗಳನ್ನು ಪುಟದ ಮೇಲೆ ಒಪ್ಪವಾಗಿ ಕೂರಿಸುವುದನ್ನೂ ಕಲಿಸಿ ನಿವೃತ್ತಳಾದೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಮನೆಗೆ ಬಂದು, ಕಾಫಿ ಕುಡಿದು, "ಏನಾದ್ರೂ ಟಿಪ್ಸ್ ಕೊಡಿ ಮೇಡಂ" ಅಂದಳು. ಟಿಪ್ಸ್ ಅಂತೆ! ಮೂವತ್ತು ವರ್ಷಕ್ಕೆ ಟಿಪ್ಸ್! ಸಿಟ್ಟೇ ಬಂತು. ಅವಳು ಹೋದ ಮೇಲೆ ಯೋಚಿಸುತ್ತಾ ಕುಳಿತಾಗ, ಅವಳಿಗೆ ಹೇಳಲೇಬೇಕಾದ್ದು ಒಂದಿದೆ ಅನ್ನಿಸಿತು. ನಾನು ಮೂರು ವರ್ಷ ಭಾರಿ ಧೈರ್ಯದಿಂದ ತಪ್ಪನ್ನೇ ಕಲಿಸಿದೆ. ಅದರಿಂದ ಒಬ್ಬ ಹುಡುಗಿಯ ಓದೇ ಹೋಗುವುದರಲ್ಲಿತ್ತು. ಅದನ್ನೇ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಆ ಕೋಣೆಯಲ್ಲಿ ಹನ್ನೆರಡು ಟೈಪ್‌ರೈಟರುಗಳಿದ್ದವು. ಜೂನ್ ಬಂತೆಂದರೆ ಅವುಗಳ ಬಾಣಂತನ ಶುರು. ತೇವಕ್ಕೆ ಕೀಲಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ರಿಬ್ಬನ್ನಿಗೆ ಬೂಷ್ಟು ಹಿಡಿಯುತ್ತಿತ್ತು. ಅಟೆಂಡರ್ ಕುಶಾಲಪ್ಪ ಬೀರುವಿನೊಳಗೆ ನಲವತ್ತು ವ್ಯಾಟಿನ ಬಲ್ಬು ಉರಿಸಿ ರಿಬ್ಬನ್ನುಗಳನ್ನು ಬೆಚ್ಚಗಿಡುತ್ತಿದ್ದ. "ಮನೇಲಿ ಕೋಳಿಮರಿನೂ ಇಷ್ಟು ಚೆಂದ ನೋಡಿಕೊಳ್ಳಲ್ಲ ಮೇಡಂ ನಾವು" ಎಂದು ಗೊಣಗುತ್ತಿದ್ದ.

ಮೊದಲ ತಿಂಗಳು ಮಕ್ಕಳ ಕೈಯ ಮೇಲೆ ಕಪ್ಪು ಬಟ್ಟೆ. ಬಟ್ಟೆಯ ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಅವರ ಕತ್ತಿಗೆ. ಕೆಳಗೆ ನೋಡಿದರೂ ಕೀಲಿ ಕಾಣಬಾರದು, ಬೆರಳೇ ಹುಡುಕಿಕೊಂಡು ಹೋಗಬೇಕು. "ಕತ್ತೆತ್ತು!" ಎನ್ನುವುದು ನನ್ನ ಮಂತ್ರ. ಒಂದು ದಿನ ಮನೆಯಲ್ಲಿ ಊಟಕ್ಕೆ ಕುಳಿತ ನಮ್ಮ ಯಜಮಾನರಿಗೂ ಅಂದುಬಿಟ್ಟಿದ್ದೆ. ತರಗತಿಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳಿಗಳು, ತಮಿಳರು, ಉರ್ದುವಿನವರು ಎಲ್ಲರೂ ಇರುತ್ತಿದ್ದರು. ತಪ್ಪು ಕೀಲಿ ಒತ್ತಿದಾಗ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನನಗೆ ಐದು ಭಾಷೆಯ ಬೈಗುಳ ಬರುವುದು ಹಾಗೆ.

ಸಾಲು ಮುಗಿಯುವ ಮುಂಚೆ ಟೈಪ್‌ರೈಟರಿನ ಗಂಟೆ ಟಿಣ್ ಅನ್ನುತ್ತಿತ್ತು. ಆಗ ಎಡಗೈಯಿಂದ ಲಿವರ್ ತಳ್ಳಿ ಮುಂದಿನ ಸಾಲಿಗೆ ಹೋಗಬೇಕು. ತಲೆಬರಹ ಪುಟದ ನಡುವೆ ಬರಬೇಕಾದರೆ ಅದರ ಅಕ್ಷರಗಳನ್ನು ಎಣಿಸಿ, ಸಾಲಿನ ಅಗಲದಿಂದ ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಅಷ್ಟು ಸಲ ಸ್ಪೇಸ್ ಬಾರ್ ಒತ್ತಬೇಕು. ಈ ಎಣಿಕೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಡೆ ಯಾರೂ ಇರಲಿಲ್ಲ. ಜಂಬ ಅಂತೀರಾ? ಅನ್ನಿ, ಬೇಡ ಅನ್ನಲ್ಲ.

ತಪ್ಪು ಮಾಡದೆ ಇರಲಿಲ್ಲ. ಒಂದು ಸಲ ಮೂರು ಪುಟದ ವರದಿಯನ್ನು ಅವಸರದಲ್ಲಿ ಟೈಪ್ ಮಾಡುವಾಗ ಕಾರ್ಬನ್ ಹಾಳೆಯನ್ನು ಮಗುಚಿ ಇಟ್ಟುಬಿಟ್ಟಿದ್ದೆ. ನಕಲಿನ ಹಾಳೆಗಳು ಖಾಲಿ. ಮೂಲ ಪ್ರತಿಯ ಬೆನ್ನಿನ ಮೇಲೆ ಇಡೀ ವರದಿ ಉಲ್ಟಾ ಅಚ್ಚಾಗಿತ್ತು. ಆಗಿನ ಪ್ರಿನ್ಸಿಪಾಲರು ಮಾತು ಕಡಿಮೆಯ ಮನುಷ್ಯ. ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೇಲಿನ ಆಫೀಸಲ್ಲಿ ಕನ್ನಡಿ ಇರಬಹುದು ಕಣಮ್ಮ. ಆದ್ರೂ ಇನ್ನೊಂದ್ಸಲ ಮಾಡಿಬಿಡಿ" ಅಂದರು. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ನಿವೃತ್ತಿಯವರೆಗೂ ಯಾವ ಕಾಗದವನ್ನೂ ನಾನು ಎರಡೂ ಬದಿ ನೋಡದೆ ಕೈಬಿಟ್ಟಿಲ್ಲ.

ಅವರ ನಂತರ ಬಂದ ಪ್ರಿನ್ಸಿಪಾಲರಿಗೆ ಎಲ್ಲವೂ ಹೊಸದಾಗಬೇಕು. ಒಂದು ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಟೈಪ್‌ರೈಟರುಗಳು ಗೋದಾಮು ಸೇರಿದ್ದವು, ಮೆಟ್ಟಿಲ ಕೆಳಗೆ ಹತ್ತು ಕಂಪ್ಯೂಟರ್ ಕುಳಿತಿದ್ದವು. ಕುಶಾಲಪ್ಪ ಬಾಗಿಲಲ್ಲಿ ನಿಂತು ಪೆಚ್ಚಾಗಿ ನೋಡುತ್ತಿದ್ದ. "ಹತ್ತು ದಿನ ಮೈಸೂರಲ್ಲಿ ಟ್ರೈನಿಂಗ್ ಇದೆ, ಹೋಗಿ ಬನ್ನಿ. ನಿಮಗೆ ಬೆರಳು ಗೊತ್ತಲ್ಲ, ಇನ್ನೇನು!" ಎಂದರು ಪ್ರಿನ್ಸಿಪಾಲರು.

ಮೈಸೂರಿನಲ್ಲಿ ಕಲಿಸಿದವನು ನಮ್ಮ ಅಕ್ಕನ ಮಗನ ವಯಸ್ಸಿನವನು. ಬಾಯಿ ಬಿಟ್ಟರೆ "ಇಲ್ಲಿ ಕ್ಲಿಕ್ ಮಾಡಿ, ಅಲ್ಲಿ ಕ್ಲಿಕ್ ಮಾಡಿ." ಮೂರನೆಯ ದಿನ ಅವನು ಗೋಡೆಯ ಮೇಲಿನ ದೊಡ್ಡ ತೆರೆಯಲ್ಲಿ ಒಂದು ಪತ್ರ ಟೈಪ್ ಮಾಡಿ ತೋರಿಸುತ್ತಿದ್ದ. ಸಾಲು ಬಲಗಡೆಯ ಅಂಚಿಗೆ ಹೋಯಿತು, ತಾನಾಗಿಯೇ ಕೆಳಗಿನ ಸಾಲಿಗೆ ಇಳಿಯಿತು. ಅವನು ಏನೋ ಒತ್ತಿದನೋ, ಇಲ್ಲವೋ? ನನಗೆ ಗೊತ್ತಾಗಲಿಲ್ಲ. ಕೇಳೋಣವೆಂದು ಕೈ ಎತ್ತಿದೆ. ಸುತ್ತ ನೋಡಿದೆ. ಎಲ್ಲ ಎಳೆಯರು, ಪಟಪಟ ಅಂತ ಮುಂದೆ ಹೋಗುತ್ತಿದ್ದಾರೆ. ಎತ್ತಿದ ಕೈಯಿಂದ ತಲೆಗೂದಲು ಸರಿಮಾಡಿಕೊಂಡು ಕೆಳಗಿಳಿಸಿದೆ. ನೋಡಿ, ನನ್ನ ಇಡೀ ಕಥೆ ಆ ಕೈಯಲ್ಲೇ ಇದೆ.

ಕಾಲೇಜಿಗೆ ವಾಪಸು ಬಂದೆ. ಮೊದಲ ತರಗತಿಯಲ್ಲೇ ತೊಡಕು: ಗಂಟೆ ಇಲ್ಲ. ಸಾಲು ಎಲ್ಲಿ ಮುಗಿಯಿತೆಂದು ಮಕ್ಕಳಿಗೆ ಹೇಗೆ ತಿಳಿಯಬೇಕು? ಯಂತ್ರ ತನ್ನಷ್ಟಕ್ಕೆ ಕೆಳಗಿಳಿಯುವುದನ್ನು ಇಲ್ಲೂ ನೋಡಿದೆ. ಅದೆಲ್ಲ ತೆರೆಯ ಮೇಲಿನ ತೋರಿಕೆ, ಪ್ರಿಂಟು ತೆಗೆದರೆ ಬಲಗಡೆ ಎಲ್ಲ ಕತ್ತರಿಸಿಹೋಗುತ್ತದೆ ಎಂದು ತೀರ್ಮಾನ ಮಾಡಿದೆ. ಹಾಗೆಂದು ಯಾರು ಹೇಳಿದ್ದರು? ಯಾರೂ ಇಲ್ಲ. ನನಗೆ ನಾನೇ ಹೇಳಿಕೊಂಡದ್ದು. ಒಂದು ಸಲ ಪ್ರಿಂಟು ತೆಗೆದು ನೋಡಿದ್ದರೆ ಮುಗಿದುಹೋಗುತ್ತಿತ್ತು, ಅದನ್ನೂ ಮಾಡಲಿಲ್ಲ.

ನಾನು ಮಾಡಿದ್ದೇನು ಗೊತ್ತೇ? ಹಣೆಗಿಡುವ ಸ್ಟಿಕ್ಕರ್ ಬೊಟ್ಟಿನ ಒಂದು ಹಾಳೆ ತಂದೆ. ಒಂದು ಸಾಲಿಗೆ ಅರವತ್ತೈದು ಅಕ್ಷರ ಎಂದು ಎಣಿಸಿ, ಆ ಅರವತ್ತೈದನೆಯ ಅಕ್ಷರ ಬೀಳುವ ಕಡೆ ಪ್ರತಿ ಮಾನಿಟರಿನ ಗಾಜಿನ ಮೇಲೆ ಒಂದೊಂದು ಕೆಂಪು ಬೊಟ್ಟು ಅಂಟಿಸಿದೆ. "ಅಕ್ಷರ ಬೊಟ್ಟಿನ ಹತ್ತಿರ ಬಂದ ಕೂಡಲೇ ಬಲಗೈ ಕಿರುಬೆರಳಲ್ಲಿ ಎಂಟರ್ ಒತ್ತಬೇಕು" ಎಂದು ಕಲಿಸಿದೆ. ತಲೆಬರಹಕ್ಕೆ ಹಳೆಯ ಎಣಿಕೆ, ಪಟ್ಟಿಗಳನ್ನು ಜೋಡಿಸಲು ಸ್ಪೇಸ್ ಬಾರ್. ಕುಶಾಲಪ್ಪ ಹತ್ತೂ ಮಾನಿಟರುಗಳನ್ನು ನೋಡಿ, "ಎಲ್ಲಾ ಮುತ್ತೈದೆಯರಂಗೆ ಕಾಣ್ತವೆ ಮೇಡಂ, ಒಂದೊಂದು ಬಳೆನೂ ಹಾಕಿಬಿಡಿ" ಅಂದ. ನಾನು ನಕ್ಕೆ. ಒಳಗೊಳಗೆ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಮೂರು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ. ಪರೀಕ್ಷೆಗೆ ಬರುವವರು ಪ್ರಿಂಟು ತೆಗೆದ ಹಾಳೆಯನ್ನು ಮಾತ್ರ ನೋಡುತ್ತಿದ್ದರು. ಹಾಳೆ ಒಪ್ಪವಾಗಿಯೇ ಇರುತ್ತಿತ್ತು. "ನಿಮ್ಮ ಮಕ್ಕಳ ಕೆಲಸ ಎಷ್ಟು ನೀಟು!" ಎಂದು ಹೊಗಳಿ ಹೋಗುತ್ತಿದ್ದರು.

ಎರಡನೆಯ ವರ್ಷ ಬಂದವಳು ಸೆಲ್ವಿ. ನೆಲ್ಯಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯ, ಅಂದರೆ ಆಳುಗಳಿಗೆ ಕೊಡುವ ಸಾಲುಮನೆಯ ಹುಡುಗಿ. ಅವಳ ಅಮ್ಮ ಅದೇ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮಾಡುತ್ತಿದ್ದರು, ಅಪ್ಪ ತೀರಿಕೊಂಡಿದ್ದರು. ಮಾತು ಕಮ್ಮಿ, ಬೆರಳು ಚುರುಕು. ಮೊದಲ ಟೆಸ್ಟಿನಲ್ಲಿ ಎಲ್ಲರಿಗಿಂತ ಬೇಗ ಮುಗಿಸಿ ಕೈ ಕಟ್ಟಿ ಕುಳಿತಿದ್ದಳು. ಹೋಗಿ ನೋಡುತ್ತೇನೆ, ಸಾಲುಗಳು ಬೊಟ್ಟನ್ನು ದಾಟಿ ಅಂಚಿನವರೆಗೂ ಓಡಿವೆ.

"ಎಂಟರ್ ಎಲ್ಲಿ ಒತ್ತಿದ್ದೀಯ?"

"ಒತ್ತಿಲ್ಲ ಮೇಡಂ. ಅದೇ ಕೆಳಗೆ ಬರುತ್ತೆ."

"ಅದೇ ಬರುತ್ತಂತೆ! ಹಂಗಾದ್ರೆ ಟೈಪೂ ಅದೇ ಮಾಡ್ಕೊಳ್ಳುತ್ತೆ, ನೀನು ಮನೇಲಿರು. ಇಲ್ಲಿ ಟೀಚರ್ ಯಾರು, ನೀನಾ ನಾನಾ?"

ಹತ್ತಕ್ಕೆ ಮೂರು ಅಂಕ ಕೊಟ್ಟೆ. ಮುಂದಿನ ಟೆಸ್ಟಿನಿಂದ ಪ್ರತಿ ಸಾಲೂ ಬೊಟ್ಟಿನ ಹತ್ತಿರ ಲಕ್ಷಣವಾಗಿ ಮುಗಿದಿರುತ್ತಿತ್ತು, ಹತ್ತಕ್ಕೆ ಹತ್ತು ಬರುತ್ತಿತ್ತು. ದಾರಿಗೆ ಬಂದಳು ಅಂದುಕೊಂಡೆ.

ಮರುವರ್ಷ, ಅವಳ ಕೊನೆಯ ವರ್ಷದ ಡಿಸೆಂಬರಿನಲ್ಲಿ ಒಂದು ದಿನ ಅವಳ ಅಮ್ಮ ಕಾಲೇಜಿಗೆ ಬಂದರು. ಮಂಡಿಗೆ ಬಟ್ಟೆ ಸುತ್ತಿಕೊಂಡು, ಗೋಡೆ ಹಿಡಿದು ನಡೆಯುತ್ತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಮೇಡಮ್ಮ, ನನ್ನ ಕಾಲು ಈ ಪಿಕ್ಕಿಂಗ್ ಮುಗಿಯೋವರ್ಗೂ ತಡೆಯಲ್ಲ. ನಾನು ಕೆಲ್ಸ ಬಿಟ್ರೆ ಲೈನ್ ಮನೆ ಬಿಡ್ಬೇಕು. ಮನೆಯಿಂದ ಒಬ್ರಾದ್ರೂ ಎಸ್ಟೇಟಲ್ಲಿ ಕೆಲ್ಸ ಮಾಡ್ಬೇಕಲ್ಲ? ಸೆಲ್ವಿ ಕಾಲೇಜ್ ಬಿಟ್ಟು ಸೊಂಟಕ್ಕೆ ಗೋಣಿ ಕಟ್ಟಿ ಪಿಕ್ಕಿಂಗಿಗೆ ಹೋಗ್ತೀನಿ ಅಂತಾಳೆ. ಆಫೀಸಲ್ಲಿ ಒಂದು ಜಾಗ ಇದೆಯಂತೆ, ಟೈಪಿಂಗ್ ಬರೋರು ಬೇಕಂತೆ. ಮಧ್ಯಾಹ್ನದ ಮೇಲೆ ಹೋದ್ರೆ ಸಾಕಂತೆ, ಓದೂ ಮುಗಿಯುತ್ತೆ. ಮೇನೇಜರ್ ಸಾರ್ ಹತ್ರ ನೀವೊಂದು ಮಾತು ಹೇಳಿದ್ರೆ..."

"ಒಂದು ಮಾತೇನಮ್ಮ, ನಾನೇ ಜೊತೇಲಿ ಬರ್ತೀನಿ" ಅಂದೆ. ನನಗೆ ಅನುಮಾನವೇ ಇರಲಿಲ್ಲ. ಅಷ್ಟು ಚೆನ್ನಾಗಿ ಟೈಪ್ ಮಾಡುವವರು ಆ ಸುತ್ತಿನಲ್ಲಿ ಇನ್ಯಾರಿದ್ದರು?

ಜನವರಿಯ ಮೊದಲ ವಾರ ಸೆಲ್ವಿಯೂ ನಾನೂ ಎಸ್ಟೇಟ್ ಆಫೀಸಿಗೆ ಹೋದೆವು. ಮ್ಯಾನೇಜರ್ ಬೋಪಯ್ಯನವರು ಎದ್ದು ನಿಂತು ಮಾತಾಡಿಸಿದರು. ಕಾಫಿ ತರಿಸಿದರು. ಸೆಲ್ವಿಗೆ ಕೈಬರಹದ ಒಂದು ಪತ್ರ ಕೊಟ್ಟು ಟೈಪ್ ಮಾಡಲು ಹೇಳಿದರು. ಎಸ್ಟೇಟಿನ ಸಾಹುಕಾರರಿಗೆ ಪ್ರತಿ ವಾರ ಹೋಗುವ ವರದಿ ಅದು: ಎಲ್ಲೆಲ್ಲಿ ಪಿಕ್ಕಿಂಗ್ ಮುಗಿಯಿತು, ಯಾವ ಬ್ಲಾಕಿನಲ್ಲಿ ಎಷ್ಟು ಆಳು ಎಂಬ ಒಂದು ಸಣ್ಣ ಪಟ್ಟಿ.

ಅವಳು ಕುಳಿತಳು. ನಾನು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡೆ. ಅಲ್ಲಿಯ ಮಾನಿಟರಿಗೆ ಬೊಟ್ಟಿಲ್ಲವಲ್ಲ! ನನ್ನ ಬ್ಯಾಗಿನಿಂದ ಒಂದು ತೆಗೆದು, ಅಕ್ಷರ ಎಣಿಸಿ, ಅಂಟಿಸಿಯೇಬಿಟ್ಟೆ. ಬೋಪಯ್ಯನವರು ಹುಬ್ಬೇರಿಸಿದರು. ಸೆಲ್ವಿ ನನ್ನನ್ನೇ ನೋಡಿದಳು.

"ಮೇಡಂ, ಇಲ್ಲಿ ಅದು..."

"ಹೆದರಬೇಡ. ಬೊಟ್ಟು ನೋಡ್ಕೋ, ಎಂಟರ್ ಮರೀಬೇಡ. ಹೂಂ, ಶುರು ಮಾಡು."

ಒಂದು ಗಳಿಗೆ ಅವಳ ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ನಿಂತಿದ್ದವು. ಆಮೇಲೆ ಟೈಪ್ ಮಾಡಿದಳು. ಕತ್ತು ಬಗ್ಗಿಸಲಿಲ್ಲ, ಒಂದಕ್ಷರ ತಪ್ಪಲಿಲ್ಲ, ಪ್ರತಿ ಸಾಲಿನ ಕೊನೆಗೆ ಎಂಟರ್. ಬೋಪಯ್ಯನವರು ಬಗ್ಗಿ ನೋಡಿ, "ಒಳ್ಳೇ ಸ್ಪೀಡ್ ಇದೆ" ಅಂದರು. ನಾನು ಸೆರಗು ಸರಿಮಾಡಿಕೊಂಡು ಕುಳಿತೆ.

"ಸಾಹುಕಾರರಿಗೆ ವಯಸ್ಸಾಯ್ತು, ಸಣ್ಣಕ್ಷರ ಓದೋಕಾಗಲ್ಲ. ಎಲ್ಲಾ ಅಕ್ಷರ ದೊಡ್ಡದು ಮಾಡಮ್ಮ" ಅಂದರು ಬೋಪಯ್ಯನವರು.

ಸೆಲ್ವಿ ಅಕ್ಷರ ದೊಡ್ಡದು ಮಾಡಿದಳು. ಕಣದಲ್ಲಿ ಹರವಿದ ಕಾಫಿಯ ಮೇಲೆ ನಾಯಿ ಓಡಿದ ಹಾಗಾಯಿತು ಪುಟ. ಪ್ರತಿ ಸಾಲಿನಿಂದಲೂ ಎರಡು ಮೂರು ಪದ ಕೆಳಗೆ ಬಿದ್ದು ಅಲ್ಲೇ ತುಂಡಾಗಿ ನಿಂತವು. ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ. ತಲೆಬರಹ ಬಲಕ್ಕೆ ವಾಲಿತು. ಪಟ್ಟಿಯಲ್ಲಿ ಬ್ಲಾಕಿನ ಹೆಸರೊಂದು ಕಡೆ, ಆಳಿನ ಸಂಖ್ಯೆಯೊಂದು ಕಡೆ.

"ಎಂತ ಮೇಡಂ ಇದು? ಕಾಲೇಜಲ್ಲಿ ಇದನ್ನಾ ಕಲಿಸೋದು?"

ಸೆಲ್ವಿ ಎದ್ದು ನಿಂತಳು. "ನಂದೇ ತಪ್ಪು ಸಾರ್. ಗಾಬರೀಲಿ ಏನೋ ಮಾಡ್ಬಿಟ್ಟೆ" ಅಂದಳು.

ಬೋಪಯ್ಯನವರು ಉಗುರಿನಿಂದ ಬೊಟ್ಟನ್ನು ಕಿತ್ತು ಮೇಜಿನ ಅಂಚಿಗೆ ಒರೆಸಿದರು. "ಆಯ್ತು, ಹೇಳಿ ಕಳಿಸ್ತೀನಿ" ಅಂದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಬಸ್ ಸ್ಟಾಪಿನಲ್ಲಿ ನಿಂತು ನಾನು ಆ ಹುಡುಗಿಯನ್ನು ಬೈದೆ. ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. "ಏನೇನೋ ಒತ್ತಿದ್ದೀಯ. ನನ್ನ ಮರ್ಯಾದೆ ಕಳೆದೆ. ಇಷ್ಟು ವರ್ಷದಲ್ಲಿ ಒಬ್ಬರೂ ಹಿಂಗೆ ಮಾಡಿರಲಿಲ್ಲ." ಅವಳು ತಲೆ ತಗ್ಗಿಸಿ "ಹೂಂ ಮೇಡಂ" ಅಂದಳು. ಅಷ್ಟೇ. ನಾನು ಬಸ್ಸು ಹತ್ತಿದೆ, ಅವಳು ಲೈನಿನ ಕಡೆ ನಡೆದಳು.

ಮಾರನೆಯ ದಿನ ಅವಳು ತರಗತಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಅವಳ ಗೆಳತಿಯೊಬ್ಬಳು, "ಸೆಲ್ವಿ ಪಿಕ್ಕಿಂಗಿಗೆ ಹೆಸ್ರು ಕೊಟ್ಟಿದ್ದಾಳೆ ಮೇಡಂ. ಇನ್ನು ಬರಲ್ವಂತೆ" ಅಂದಳು. ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿದೆ.

ಭಾನುವಾರ ಎಸ್ಟೇಟಿಗೆ ರಜೆ. ಬೆಳಿಗ್ಗೆಯ ಬಸ್ಸಿಗೆ ನೆಲ್ಯಹುದಿಕೇರಿಗೆ ಹೋದೆ, ಅವಳಿಗೆ ಬುದ್ಧಿ ಹೇಳಿ ಕರೆತರೋಣ ಎಂದು. ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆ, ಒಂದು ಜೆರಾಕ್ಸ್ ಅಂಗಡಿಯಲ್ಲಿ ಅವಳೇ ಕಂಡಳು. ರಸ್ತೆಗೆ ಬೆನ್ನು ಹಾಕಿ ಕಂಪ್ಯೂಟರಿನ ಮುಂದೆ ಕುಳಿತು ಯಾವುದೋ ಸಂಘದ ಕರಪತ್ರ ಟೈಪ್ ಮಾಡುತ್ತಿದ್ದಳು. ಭಾನುವಾರ ಅಲ್ಲಿ ಕೆಲಸ ಮಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ಕರೆಯದೆ ಹಿಂದೆ ನಿಂತೆ. ಸಾಲು ಅಂಚಿಗೆ ಹೋಗುತ್ತಿತ್ತು, ತಾನೇ ಕೆಳಗಿಳಿಯುತ್ತಿತ್ತು. ಅವಳ ಕಿರುಬೆರಳು ಎಂಟರ್ ಕಡೆಗೆ ಹೋಗಲೇ ಇಲ್ಲ. ಅಂಗಡಿಯ ಅಶ್ರಫ್, "ಮೋಳೇ, ಅಕ್ಷರ ಇನ್ನೂ ಸ್ವಲ್ಪ ದೊಡ್ಡದ್ ಮಾಡ್" ಅಂದ. ಅವಳು ಮಾಡಿದಳು. ಸಾಲುಗಳೆಲ್ಲ ಸರಿದುಕೊಂಡು, ಒಂದನ್ನೊಂದು ಒತ್ತಿಕೊಂಡು, ಮತ್ತೆ ಒಪ್ಪವಾಗಿ ಕುಳಿತವು. ತಲೆಬರಹ ನಡುವೆಯೇ ಇತ್ತು.

"ಸೆಲ್ವಿ" ಅಂದೆ.

ಅವಳು ತಿರುಗಿದಳು. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವಳ ಹಾಗೆ ಎದ್ದು ನಿಂತಳು.

"ಇದು ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

"ಮತ್ತೆ ಕ್ಲಾಸಲ್ಲಿ?"

"ಕ್ಲಾಸಲ್ಲಿ ನಿಮ್ಮ ಥರ, ಅಂಗಡೀಲಿ ಅಂಗಡಿ ಥರ. ಮನೇಲಿ ತಮಿಳು ಮಾತಾಡಿ ಕಾಲೇಜಲ್ಲಿ ಕನ್ನಡ ಮಾತಾಡಲ್ವಾ ಮೇಡಂ, ಹಂಗೆ."

"ಅಲ್ಲ ಕಣೇ, ಆಫೀಸಲ್ಲಿ? ಅಲ್ಲಾದ್ರೂ ಸರಿಯಾಗಿ ಮಾಡಬಾರದಿತ್ತಾ? ನಿನ್ನ ಓದಿನ ಪ್ರಶ್ನೆ ಅಲ್ವಾ ಅದು?"

ಅವಳು ಕರಪತ್ರದ ಕೈಬರಹದ ಹಾಳೆಯನ್ನು ಮಡಿಸಿದಳು.

"ನೀವು ಪಕ್ಕದಲ್ಲೇ ಕೂತಿದ್ರಿ, ಮೇಡಂ."

ನನಗೆ ನಿಂತಲ್ಲೇ ಕಣ್ಣು ತುಂಬಿ ಬಂತು. ನಾಚಿಕೆ, ಸಂಕಟ, ನನ್ನ ಮೇಲೆ ನನಗೇ ಸಿಟ್ಟು, ಎಲ್ಲ ಒಟ್ಟಿಗೆ. ಬೋಪಯ್ಯನವರೆದುರು ನನ್ನನ್ನು ಸಣ್ಣವಳನ್ನಾಗಿ ಮಾಡಬಾರದೆಂದು ಈ ಹುಡುಗಿ ತನ್ನ ಓದನ್ನೇ ಪಣಕ್ಕಿಟ್ಟಿದ್ದಳು. ನಾನೋ, ಬಸ್ ಸ್ಟಾಪಿನಲ್ಲಿ ಅವಳನ್ನೇ ಬೈದಿದ್ದೆ. ಅಶ್ರಫ್ ಪಾಪ, ಏನೂ ಅರ್ಥವಾಗದೆ ಒಂದು ಲೋಟ ನೀರು ತಂದುಕೊಟ್ಟ.

"ತಪ್ಪಾಯ್ತು ಸೆಲ್ವಿ. ಈಗ ಕಲಿಸು" ಅಂದೆ. ಸ್ಟೂಲಿನ ಮೇಲೆ ಕುಳಿತೆ. ಅವಳು ಹೆದರುತ್ತಾ ಹೆದರುತ್ತಾ ತೋರಿಸಿದಳು. ಎಂಟರ್ ಒತ್ತಿದ ಜಾಗಕ್ಕೆಲ್ಲ ಒಂದೊಂದು ಗುರುತು ಬೀಳುತ್ತದೆ, ಅದನ್ನು ತೆರೆಯ ಮೇಲೆ ಕಾಣುವ ಹಾಗೆ ಮಾಡಬಹುದು. ಅದು ಸಾಲಿನ ಗುರುತಲ್ಲ, ಪ್ಯಾರಾ ಮುಗಿಯಿತೆಂಬ ಗುರುತು. ನಾನು ಮೂರು ವರ್ಷ ಮಕ್ಕಳ ಕೈಯಲ್ಲಿ ಒಂದೊಂದು ಸಾಲನ್ನೂ ಒಂದೊಂದು ಪ್ಯಾರಾ ಮಾಡಿಸಿದ್ದೆ. ಪಟ್ಟಿಗೆ ಟೇಬಲ್ ಇದೆ. ತಲೆಬರಹವನ್ನು ನಡುವೆ ತರಲು ಒಂದು ಗುಂಡಿ ಇದೆ, ಒಂದೇ ಒಂದು ಗುಂಡಿ! ಎಣಿಸಿ, ಕಳೆದು, ಅರ್ಧ ಮಾಡಿದ ನನ್ನ ವಿದ್ಯೆಯೆಲ್ಲ ಆ ಗುಂಡಿಯ ಮುಂದೆ ಮುಗಿದುಹೋಯಿತು.

ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಮಕ್ಕಳ ಎದುರು ಹತ್ತೂ ಬೊಟ್ಟುಗಳನ್ನು ಕಿತ್ತೆ. ಗಾಜಿನ ಮೇಲೆ ಗೋಂದು ಉಳಿಯಿತು, ಕುಶಾಲಪ್ಪ ಸೀಮೆಎಣ್ಣೆ ಬಟ್ಟೆ ತಂದು ಒರೆಸಿದ. "ಇಷ್ಟು ದಿನ ನಾನು ತಪ್ಪು ಕಲಿಸಿದ್ದೀನಿ" ಎಂದು ಹೇಳಿದೆ. ಹಿಂದಿನ ಸಾಲಿನಿಂದ ಒಂದು ದನಿ: "ಗೊತ್ತಿತ್ತು ಮೇಡಂ." ಇನ್ನೊಂದು: "ನಂಗೂ ಗೊತ್ತಿತ್ತು." ಅರ್ಧ ತರಗತಿಗೆ ಗೊತ್ತಿತ್ತು!

"ಹೇಳೋಕೆ ಏನಾಗಿತ್ತು ನಿಮಗೆಲ್ಲ ದೊಡ್ಡ ರೋಗ?"

"ಸೆಲ್ವಿಗೆ ಹತ್ತಕ್ಕೆ ಮೂರು ಕೊಟ್ಟಿದ್ರಲ್ಲ ಮೇಡಂ."

ಈಗ ಕೆಲಸಕ್ಕೆ ಸೇರುವವರಿಗೆ ಹೇಳುತ್ತೇನೆ, ನಿಮ್ಮ ತರಗತಿಯಲ್ಲೂ ನಿಮಗಿಂತ ಹೆಚ್ಚು ಗೊತ್ತಿರುವ ಒಬ್ಬರಾದರೂ ಬಾಯಿ ಮುಚ್ಚಿ ಕುಳಿತಿರುತ್ತಾರೆ. ಅವರ ಬಾಯಿ ಮುಚ್ಚಿಸಿದ್ದು ಯಾರು ಎಂದು ಆಗಾಗ ಕೇಳಿಕೊಳ್ಳಿ.

ಮಧ್ಯಾಹ್ನ ರಜೆ ಹಾಕಿ ಎಸ್ಟೇಟ್ ಆಫೀಸಿಗೆ ಹೋದೆ. ಬೋಪಯ್ಯನವರಿಗೆ ನಡೆದದ್ದೆಲ್ಲ ಹೇಳಿದೆ. ಬೊಟ್ಟಿನ ಕಥೆ, ಮೈಸೂರಿನಲ್ಲಿ ಎತ್ತಿ ಇಳಿಸಿದ ಕೈಯ ಕಥೆ, ಜೆರಾಕ್ಸ್ ಅಂಗಡಿಯ ಕಥೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ಯಾರದಾದ್ರೇನು ಮೇಡಂ, ನಂಗೆ ಕೆಲಸ ಆಗಬೇಕು. ಸಿದ್ದಾಪುರದಿಂದ ಒಬ್ಬ ನಾಳೆ ಬರ್ತಾನೆ. ಅವನನ್ನೇ ತಗೊಳ್ಳೋಣ ಅಂತಿದ್ದೀನಿ."

"ನಾಳೆ ತಾನೇ? ಇವತ್ತು ಅವಳಿಗೊಂದು ಸಲ ಕೊಡಿ. ಆಗಲಿಲ್ಲ ಅಂದ್ರೆ ಇನ್ನು ಈ ಕಡೆ ತಲೆ ಹಾಕಲ್ಲ ನಾನು."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಆಳುಗಳ ಲೆಕ್ಕ ಬರೆಯುವ ರೈಟರನ್ನು ಕರೆದು ಸೆಲ್ವಿಯನ್ನು ಪಿಕ್ಕಿಂಗಿನಿಂದ ಕರೆಸಲು ಹೇಳಿದರು.

ಅವಳು ಬರುವಾಗ ಸೊಂಟಕ್ಕೆ ಗೋಣಿ, ತಲೆಗೆ ಟವೆಲು, ಮೈಮೇಲೆ ಅವಳ ಅಪ್ಪನದೋ ಏನೋ ಒಂದು ತುಂಬುತೋಳಿನ ಹಳೇ ಶರ್ಟು. ಬೆರಳುಗಳೆಲ್ಲ ಕಾಫಿ ಹಣ್ಣಿನ ಕಲೆಗೆ ಕಪ್ಪಾಗಿದ್ದವು. ನಲ್ಲಿಯ ಹತ್ತಿರ ಹೋಗಿ ಉಜ್ಜಿ ಉಜ್ಜಿ ತೊಳೆದಳು, ಕಲೆ ಹೋಗಲಿಲ್ಲ. ಹಾಗೇ ಒಳಗೆ ಹೋದಳು. ಬಾಗಿಲಲ್ಲಿ ನಿಂತು ನನಗಾಗಿ ತಿರುಗಿ ನೋಡಿದಳು.

"ನಾನು ಬರಲ್ಲ. ನಿಂಗೆ ಸರಿ ಅನ್ನಿಸಿದ ಹಂಗೆ ಮಾಡು" ಅಂದೆ.

ಹೊರಗಿನ ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲೇ ಪಲ್ಪರ್ ಓಡುತ್ತಿತ್ತು, ಹಣ್ಣಿನ ಸಿಪ್ಪೆ ಸುಲಿಯುವ ಆ ಗದ್ದಲದಲ್ಲಿ ಒಳಗಿನ ಕೀಲಿಯ ಸದ್ದು ಕೇಳಿಸಲೇ ಇಲ್ಲ. ಕಿಟಕಿಯಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವಳ ವೇಗ ನನಗೆ ಬಾಯಿಪಾಠ. ಮನಸ್ಸಿನಲ್ಲೇ ಅವಳ ಜೊತೆ ಟೈಪ್ ಮಾಡುತ್ತಾ ಹೋದೆ. ಈಗ ಒಂದು ಸಾಲು ಆಯಿತು, ಈಗ ಎರಡು. ಪ್ರತಿ ಸಲವೂ ಮಡಿಲಲ್ಲಿದ್ದ ನನ್ನ ಬಲಗೈಯ ಕಿರುಬೆರಳು ತಾನಾಗಿಯೇ ಒಂದು ಸಲ ಒತ್ತುತ್ತಿತ್ತು. ಬೇಡ ಬೇಡವೆಂದರೂ ಒತ್ತುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡೆ.

ಬೋಪಯ್ಯನವರು ಎದ್ದು ಅವಳ ಹಿಂದೆ ಬಂದು ನಿಂತದ್ದು ಕಂಡಿತು. ಬಗ್ಗಿ ಏನೋ ಹೇಳಿದರು. ಅವಳ ಕೈ ಮೌಸಿನ ಕಡೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ದೇವರನ್ನು ನೆನೆದೆನೋ ಇಲ್ಲವೋ ನೆನಪಿಲ್ಲ.

ಬಾಗಿಲ ಸದ್ದಿಗೆ ಕಣ್ಣು ಬಿಟ್ಟರೆ ಸೆಲ್ವಿ ಎದುರಿಗೆ ನಿಂತಿದ್ದಳು. ಕೈಯಲ್ಲಿ ಬೆಚ್ಚಗಿನ ಪ್ರಿಂಟಿನ ಹಾಳೆ, ದೊಡ್ಡ ದೊಡ್ಡ ಅಕ್ಷರ.

ಕೆಲಸ ಸಿಕ್ಕಿತಾ ಎಂದು ಕೇಳಬೇಕಿತ್ತು. ಇಷ್ಟು ವರ್ಷದ ಚಾಳಿ, ಬಾಯಿಂದ ಬಂದದ್ದು ಬೇರೆ: "ಎಷ್ಟು ಸಲ ಎಂಟರ್ ಒತ್ತಿದೆ?"

"ಎರಡೇ ಸಲ ಮೇಡಂ. ಪ್ಯಾರಾ ಇದ್ದಿದ್ದೇ ಎರಡು." ಆಮೇಲೆ ಸಣ್ಣ ದನಿಯಲ್ಲಿ, "ನಾಳೆಯಿಂದ ಮಧ್ಯಾಹ್ನದ ಮೇಲೆ ಬಾ ಅಂದ್ರು. ಅಮ್ಮಂಗೆ ಇನ್ನು ಪಿಕ್ಕಿಂಗ್ ಬೇಡ ಅಂತ ನೀವೇ ಹೇಳಿ ಮೇಡಂ, ನಾನು ಹೇಳಿದ್ರೆ ನಂಬಲ್ಲ."

"ನಾನು ಇಲ್ಲಿ ಕೂತು ಹದಿನಾಲ್ಕು ಸಲ ಒತ್ತಿದೆ ಕಣೇ" ಅಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಆ ಕಪ್ಪು ಕಲೆಯ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು, ನನ್ನ ಎದುರಿಗೇ, ಮೊಟ್ಟಮೊದಲ ಸಲ ಜೋರಾಗಿ ನಕ್ಕಳು.